ಸ್ತನ ಕ್ಯಾನ್ಸರ್ ಆಪರೇಷನ್ನಿಗೆ ಮುಂಚೆ: ಮೇಣದ ಬ್ಲಾಕು, ಮಾತ್ರೆಯ ಸ್ಟ್ರಿಪ್ಪು, ಡ್ರೇನಿನ ಲೆಕ್ಕ

ಬಯಾಪ್ಸಿ ರಿಪೋರ್ಟು ಬಂದ ದಿನ ಮನೆಯವರಿಗೆಲ್ಲ ಒಂದೇ ಆತುರ, ನಾಳೆಯೇ ಆಪರೇಷನ್ ಆಗಿಬಿಡಲಿ ಅಂತ. ಸ್ತನ ಕ್ಯಾನ್ಸರಿನಲ್ಲಿ ತಯಾರಿಗೆ ಹತ್ತು ಹದಿನೈದು ದಿನ ಹಿಡಿದರೆ ಸಾಮಾನ್ಯವಾಗಿ ನಷ್ಟವಿಲ್ಲ. ಅರ್ಧಂಬರ್ಧ ಕಾಗದ ಹಿಡಿದು ಓಡಿದರೆ ಅದಕ್ಕಿಂತ ಹೆಚ್ಚು ದಿನ ಹಾಳಾಗುತ್ತವೆ.

ಊರಲ್ಲಿ ಬಯಾಪ್ಸಿ ಮಾಡಿಸಿ ಬೆಂಗಳೂರಿನ ಕಿದ್ವಾಯಿಗೋ ಇನ್ನೊಂದು ದೊಡ್ಡ ಆಸ್ಪತ್ರೆಗೋ ಹೊರಡುವವರು ಹೆಚ್ಚಾಗಿ ಮರೆಯುವುದು ಮೇಣದ ಬ್ಲಾಕನ್ನು. ತೆಗೆದ ಚೂರನ್ನು ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಲ್ಯಾಬಿನವರು ಇಟ್ಟಿರುತ್ತಾರೆ. ಸ್ಲೈಡುಗಳ ಜೊತೆ ಅದನ್ನೂ ಕೇಳಿ ಪಡೆಯಿರಿ. ಅದರ ಅಂಚಿನ ಮೇಲಿರುವ ನಂಬರೇ ರಿಪೋರ್ಟಿನಲ್ಲೂ ಇದೆಯೇ ನೋಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಹಾರ್ಮೋನ್ ಮಾತ್ರೆ ಕೆಲಸ ಮಾಡೀತೇ ಎಂದು ತಿಳಿಸುವ ಇ.ಆರ್., ಪಿ.ಆರ್. ಪರೀಕ್ಷೆ, ಹರ್-2 ಎಂಬ ಪ್ರೋಟೀನಿನ ಪರೀಕ್ಷೆ ನಡೆಯುವುದು ಇದರ ಮೇಲೆಯೇ. ಹರ್-2 'ಎರಡು ಪ್ಲಸ್', ಅಂದರೆ ಹೌದೋ ಅಲ್ಲವೋ ಖಚಿತವಿಲ್ಲ ಎಂದು ಬಂದರೆ, ಅದನ್ನು ಜೀನಿನ ಮಟ್ಟದಲ್ಲಿ ಖಚಿತಪಡಿಸುವ ಫಿಶ್ ಪರೀಕ್ಷೆಗೂ ಇದೇ ಬೇಕು.

ಬಯಾಪ್ಸಿ ಇನ್ನೂ ಆಗಬೇಕಿದ್ದು, ಚೂರಿನ ಬಾಟಲಿಯನ್ನು ನಿಮ್ಮ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುವುದಾದರೆ, ಒಳಗಿರುವುದು ಫಾರ್ಮಲಿನ್ (ಚೂರು ಕೆಡದಂತೆ ಕಾಯುವ ದ್ರಾವಣ) ತಾನೇ ಎಂದು ಕೇಳಿಕೊಳ್ಳಿ. ಚೂರಿನ ಹತ್ತರಷ್ಟು ಫಾರ್ಮಲಿನ್ ಇರಬೇಕು. ಬರೀ ಸಲೈನಿನಲ್ಲಿ ಗಂಟೆಗಟ್ಟಲೆ ಕೂತ ಚೂರು ಕೆಡುತ್ತದೆ. ಪಾಸಿಟಿವ್ ಬರಬೇಕಾದ ಇ.ಆರ್. ನೆಗೆಟಿವ್ ಬಂದು, ವರ್ಷಗಟ್ಟಲೆ ಕಾಪಾಡಬೇಕಾದ ಹಾರ್ಮೋನ್ ಮಾತ್ರೆಯೇ ತಪ್ಪಿಹೋಗಬಹುದು.

ಖರ್ಚಿನ ವಿಷಯಕ್ಕೆ ಬಂದರೆ, ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ಗರಿಷ್ಠ 1.5 ಲಕ್ಷ. ಆಧಾರಿನಲ್ಲಿ ಲಕ್ಷ್ಮೀದೇವಮ್ಮ, ರಿಪೋರ್ಟಿನಲ್ಲಿ ಲಕ್ಷ್ಮಮ್ಮ ಎಂದಿದ್ದರೆ ಮಂಜೂರಾತಿಗೆ ತೊಡಕು. ಲ್ಯಾಬಿನಲ್ಲೇ ಸರಿಮಾಡಿಸಿಕೊಂಡು ಹೊರಡಿ.

ಡಾಕ್ಟರ ಮುಂದೆ ಕೂತಾಗ ಬಾಯಿ ಕಟ್ಟುವುದು ಸಹಜ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎರಡನ್ನಂತೂ ಬಿಡಬೇಡಿ. ಕೀಮೋ ಮೊದಲು ಕೊಡುವುದಾದರೆ, ಗಡ್ಡೆ ಇರುವ ಜಾಗದಲ್ಲಿ ಕ್ಲಿಪ್ (ಗುರುತಿಗಿಡುವ ಲೋಹದ ಸಣ್ಣ ಚೂರು) ಹಾಕುತ್ತೀರಾ? ಗಡ್ಡೆ ಪೂರ್ತಿ ಕರಗಿಹೋದರೆ ಎಲ್ಲಿ ಕೊಯ್ಯಬೇಕೆಂದು ತೋರಿಸುವುದು ಆ ಕ್ಲಿಪ್ಪೇ. ಎರಡನೆಯದು, ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯುತ್ತೀರಾ, ಇಲ್ಲಾ ಮೊದಲು ಕೆಲವನ್ನಷ್ಟೇ ತೆಗೆದು ಪರೀಕ್ಷಿಸುತ್ತೀರಾ? ಮುಂದೆ ಕೈ ಊದಿಕೊಳ್ಳುವ ಸಾಧ್ಯತೆ ಇದರ ಮೇಲಿದೆ.

ಮಾತ್ರೆಗಳ ಹೆಸರು ಹೇಳುವುದಕ್ಕಿಂತ ಸ್ಟ್ರಿಪ್ಪುಗಳನ್ನೇ ಒಂದು ಚೀಲದಲ್ಲಿ ಒಯ್ಯಿರಿ, ಕಷಾಯ, ನಾಟಿ ಔಷಧಿ ಸೇರಿಸಿ. ಡಾಕ್ಟರು ಬೈಯುತ್ತಾರೆಂದು ಮುಚ್ಚಿಡಬೇಡಿ, ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುವವರು, ಅದರಲ್ಲೂ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ತಾವೇ ನಿಲ್ಲಿಸಬಾರದು. ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದ್ದರೆ ಅರಿವಳಿಕೆ ಡಾಕ್ಟರಿಗೆ ಖಂಡಿತ ಹೇಳಿ. ಸಾಮಾನ್ಯವಾಗಿ ಮೂರು ದಿನ ಮೊದಲೇ ನಿಲ್ಲಿಸುತ್ತಾರೆ, ಯಾಕೆಂದರೆ ಸಕ್ಕರೆ ನಾರ್ಮಲ್ ಇದ್ದಾಗಲೂ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ.

ಆಪರೇಷನ್ ದಿನ ಬೆಳಿಗ್ಗೆ 'ಬರೀ ಒಂದು ಲೋಟ ಕಾಫಿ' ಕುಡಿದು ಬಂದವರ ಸರದಿ ಮುಂದಕ್ಕೆ ಹೋಗುತ್ತದೆ. ಹಾಲು ಬೆರೆತದ್ದು ಊಟಕ್ಕೆ ಸಮ, ಕನಿಷ್ಠ 6 ಗಂಟೆ ಅಂತರ ಬೇಕು. ಬರೀ ನೀರಿಗೆ 2 ಗಂಟೆ. ನಿಮ್ಮ ಆಸ್ಪತ್ರೆಯವರು ಬೇರೆ ಸಮಯ ಹೇಳಿದ್ದರೆ ಅದೇ ಸರಿ. ಮೂಗುತಿ, ಕಾಲುಂಗುರ, ಬಿಗಿಯಾದ ಬಳೆಗಳನ್ನು ಹಿಂದಿನ ವಾರವೇ ಸೋಪು ಹಚ್ಚಿ ಬಿಚ್ಚಿಡಿ. ಬೆರಳಿಗೆ ಮೆಹಂದಿ, ನೇಲ್ ಪಾಲಿಶ್ ಬೇಡ, ಆಮ್ಲಜನಕ ಅಳೆಯುವ ಕ್ಲಿಪ್ಪು ತಪ್ಪು ತೋರಿಸಬಹುದು. ಮುಂದೆ ಗುಂಡಿಯಿರುವ ಸಡಿಲ ನೈಟಿ ಮೂರು ಇರಲಿ. ತಲೆಯ ಮೇಲಿಂದ ಬಟ್ಟೆ ಹಾಕಿಕೊಳ್ಳಲು ಆಪರೇಷನ್ ಆದ ಕಡೆಯ ಕೈ ಕೆಲವು ದಿನ ಏಳುವುದಿಲ್ಲ.

ಎಷ್ಟೋ ಜನ ಡ್ರೇನ್, ಅಂದರೆ ಗಾಯದೊಳಗಿನ ನೀರನ್ನು ಹೊರಗೆಳೆಯುವ ಕೊಳವೆ ಮತ್ತು ಅದರ ತುದಿಯ ಡಬ್ಬಿ, ಇಟ್ಟುಕೊಂಡೇ ಮನೆಗೆ ಬರುತ್ತಾರೆ. ಹತ್ತಿಬಟ್ಟೆಯಲ್ಲಿ ಉದ್ದ ದಾರದ ಚೀಲವೊಂದನ್ನು ಮೊದಲೇ ಹೊಲಿಸಿ, ಇನ್ನೊಂದು ಕಡೆಯ ಭುಜಕ್ಕೆ ನೇತುಹಾಕಿಕೊಳ್ಳಬಹುದು. ಬೆಳಿಗ್ಗೆ ಸಂಜೆ ಖಾಲಿ ಮಾಡಿ, ಎಷ್ಟು ಮಿಲಿ ಎಂದು ಬರೆದಿಡಿ. ಡಬ್ಬಿಯನ್ನು ಪೂರ್ತಿ ಒತ್ತಿ ಗಾಳಿ ಹೊರಹಾಕಿ, ಒತ್ತಿಕೊಂಡೇ ಮುಚ್ಚಳ ಹಾಕಬೇಕು. ಉಬ್ಬಿದ ಡಬ್ಬಿ ಏನನ್ನೂ ಎಳೆಯುವುದಿಲ್ಲ, ನೀರು ಚರ್ಮದಡಿ ನಿಲ್ಲುತ್ತದೆ. ದಿನದ ಲೆಕ್ಕ ಸತತ ಎರಡು ದಿನ 30 ಮಿಲಿಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ನೂರರಷ್ಟಿದ್ದದ್ದು ಒಮ್ಮೆಲೇ ಸೊನ್ನೆಗಿಳಿದರೆ ವಾಸಿಯಾಯಿತು ಅಂದುಕೊಳ್ಳಬೇಡಿ, ಕೊಳವೆ ಕಟ್ಟಿರಬಹುದು. ಅವತ್ತೇ ವಾರ್ಡಿಗೆ ಫೋನ್ ಮಾಡಿ.