ಮಾವನ ಹೊಲದಲ್ಲಿ ದೊಡ್ಡ ಹೆಲಿಕಾಪ್ಟರ್

ಮೊನ್ನೆ ಭಾನುವಾರ ಬೆಳಿಗ್ಗೆ ಆರೂವರೆಗೆ ಆನಗೋಡು ಹತ್ತಿರ ಸೋದರಮಾವನ ಹೊಲದಲ್ಲಿ ನಿಂತಿದ್ದೆ. ಕೈಯಲ್ಲಿ ರಿಮೋಟ್, ಅಂದ್ರೆ ಟ್ರಾನ್ಸ್‌ಮಿಟರ್. ಹತ್ತು ಮಾರು ದೂರದಲ್ಲಿ ಪ್ಲೈವುಡ್ ಹಲಗೆ ಮೇಲೆ ರಿಮೋಟ್‌ನಲ್ಲಿ ಹಾರಿಸೋ ಹೆಲಿಕಾಪ್ಟರ್. ನನ್ನ ಎರಡೂ ಹೆಬ್ಬೆರಳು ನಡುಗುತ್ತಿದ್ದವು. ಚಳಿಗೆ ಅನ್ನೋಣ ಅಂದ್ರೆ ದಾವಣಗೆರೆ ಕಡೆ ಮಾರ್ಚ್‌ನಲ್ಲಿ ಎಲ್ಲಿಯ ಚಳಿ! ಐದು ವಾರದ ಹಿಂದೆ ಇದೇ ಹೊಲದಿಂದ ಇದೇ ಹೆಲಿಕಾಪ್ಟರನ್ನು ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಮನೆಗೆ ಹೋಗಿದ್ದೆ. ಆ ಕಥೆ ಆಮೇಲೆ. ಮೊದಲು ದೊಡ್ಡದಕ್ಕೆ ಯಾಕೆ ಕೈ ಹಾಕಿದೆ ಅಂತ ಹೇಳಿಬಿಡ್ತೀನಿ.

ನಂದು ಮೋಟಾರ್ ರಿವೈಂಡಿಂಗ್ ಅಂಗಡಿ. ದಿನಾ ಬೋರ್‌ವೆಲ್ ಮೋಟಾರ್ ಬಿಚ್ಚಿ ಕಟ್ಟೋನು. ಬೇರಿಂಗ್, ಶಾಫ್ಟ್, ವೈಂಡಿಂಗ್ ಅಂದ್ರೆ ಭಯ ಇಲ್ಲ. ಆ ಧೈರ್ಯದಲ್ಲೇ ಎರಡು ವರ್ಷದ ಹಿಂದೆ ಒಂದು 450 ಸೈಜಿನ ರಿಮೋಟ್ ಹೆಲಿಕಾಪ್ಟರ್ ತಗೊಂಡೆ. ಹೆಸರು 450 ಅಂತ ಇದ್ದರೂ ರೆಕ್ಕೆ ಇರೋದು 325 ಮಿ.ಮೀ. ಮಾತ್ರ, ತೂಕ ಮುಕ್ಕಾಲು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಡ್ರೋನ್ ಹಾರಿಸಿದವರು ಇದನ್ನೂ ಹಾಗೇ ಅಂದುಕೊಳ್ತಾರೆ. ಹಾಗಲ್ಲ. ಡ್ರೋನ್‌ನಲ್ಲಿ ಕೈ ಬಿಟ್ಟರೆ ಅದು ನಿಂತಲ್ಲೇ ನಿಲ್ಲುತ್ತೆ. ಹೆಲಿಕಾಪ್ಟರ್‌ನಲ್ಲಿ ಕೈ ಬಿಟ್ಟರೆ ಎರಡು ಸೆಕೆಂಡಿಗೆ ನೆಲದಲ್ಲಿರುತ್ತೆ. ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ, ಪ್ರತಿ ಕ್ಷಣ ತಿದ್ದುತ್ತಲೇ ಇರಬೇಕು.

ಬಾಲ ನನ್ನ ಕಡೆ ಇಟ್ಟುಕೊಂಡು ಗಾಳಿಯಲ್ಲಿ ನಿಲ್ಲಿಸೋದು ಆರು ತಿಂಗಳಿಗೆ ಬಂತು. ಎಡಕ್ಕೆ, ಬಲಕ್ಕೆ ತಿರುಗಿಸಿ ನಿಲ್ಲಿಸೋದೂ ಒಂದು ಮಟ್ಟಕ್ಕೆ ಬಂತು. ಮೂತಿ ನನ್ನ ಕಡೆ ಇಟ್ಟು ನಿಲ್ಲಿಸೋದು ಮಾತ್ರ ಬರಲೇ ಇಲ್ಲ. ಆಗ ಎಡ-ಬಲ ಅದಲುಬದಲಾಗುತ್ತೆ, ಹಿಂದೆ-ಮುಂದೆ ಅದಲುಬದಲಾಗುತ್ತೆ, ತಲೆ ಒಂದು ಹೇಳಿದರೆ ಬೆರಳು ಇನ್ನೊಂದು ಮಾಡುತ್ತೆ. ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್ ಹಾಕಿಕೊಂಡು ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಗಂಟೆಗಟ್ಟಲೆ ಕೂತೆ. ಪರದೆ ಮೇಲೆ ಬಂತು. ಹೊಲದಲ್ಲಿ ಬರಲಿಲ್ಲ.

ಆಗ ನಾನು ಮಾಡಿದ್ದೇನು ಅಂದ್ರೆ, ತಪ್ಪು ಕೈಯಲ್ಲಿದ್ದರೂ ಹೆಲಿಕಾಪ್ಟರ್ ಮೇಲೆ ಹಾಕಿದೆ. ಚಿಕ್ಕದು ಚುರುಕು ಜಾಸ್ತಿ, ಗಾಳಿಗೆ ಎಗರುತ್ತೆ, ಮೂವತ್ತು ಮೀಟರ್ ದೂರ ಹೋದರೆ ಮೂತಿ ಯಾವುದು ಬಾಲ ಯಾವುದು ಗೊತ್ತಾಗಲ್ಲ, ದೊಡ್ಡದು ತಗೊಂಡರೆ ಎಲ್ಲಾ ಸರಿ ಹೋಗುತ್ತೆ ಅಂತ. ಬೆಂಗಳೂರಿನಲ್ಲಿ ಹಾರಿಸೋ ಇಬ್ಬರನ್ನು ಫೋನಿನಲ್ಲಿ ಕೇಳಿದರೆ ಅವರೂ ಅದನ್ನೇ ಹೇಳಿದರು. ಸುಳ್ಳೇನಲ್ಲ. ದೊಡ್ಡ ರೆಕ್ಕೆ ನಿಧಾನಕ್ಕೆ ತಿರುಗುತ್ತೆ, ಭಾರ ಇರೋದ್ರಿಂದ ಗಾಳಿ ಬಡಿದರೂ ಥಟ್ಟನೆ ಅಲುಗಲ್ಲ. ಮಂಡಕ್ಕಿ ಚೀಲಕ್ಕೂ ಅಕ್ಕಿ ಚೀಲಕ್ಕೂ ಇರೋ ವ್ಯತ್ಯಾಸ. ಆದರೆ ಅಕ್ಕಿ ಚೀಲ ಉರುಳೋಕೆ ಶುರುವಾದರೆ ಹಿಡಿದು ನಿಲ್ಲಿಸೋದು ಕಷ್ಟ ಅಲ್ವಾ, ಅದನ್ನು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಡಿಸೆಂಬರ್‌ನಲ್ಲಿ ಸೆಕೆಂಡ್ ಹ್ಯಾಂಡ್ 600 ಒಂದು ಸಿಕ್ಕಿತು. ಒಂದೊಂದು ರೆಕ್ಕೆ 600 ಮಿ.ಮೀ. ತಿರುಗುವಾಗ ಈ ತುದಿಯಿಂದ ಆ ತುದಿಗೆ ಸುಮಾರು 1.35 ಮೀಟರ್. ಬ್ಯಾಟರಿ ಹಾಕಿದರೆ ಮೂರು ಕೆ.ಜಿ. ದಾಟುತ್ತೆ. ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, "ರೀ, ಇದನ್ನ ಎಲ್ಲಿಡ್ತೀರಿ ಹೇಳಿ ಒಳಗೆ ತನ್ನಿ" ಅಂದಳು. ಬೀರು ಮೇಲೆ ಇಟ್ಟೆ. ಅಲ್ಲೇ ಇದೆ.

ಅವತ್ತು ರಾತ್ರಿ ಸುಮ್ನೆ ಲೆಕ್ಕ ಹಾಕಿ ನೋಡಿದೆ. ನನ್ನ 450 ನಿಮಿಷಕ್ಕೆ 2800 ಸುತ್ತು ತಿರುಗುತ್ತೆ, ಅಂದ್ರೆ ರೆಕ್ಕೆ ತುದಿಯ ವೇಗ ಗಂಟೆಗೆ ಹತ್ತಿರ ಹತ್ತಿರ 380 ಕಿ.ಮೀ. 600 ಅನ್ನು ಕಲಿಯೋರಿಗೆ ಅಂತ 1600 ಸುತ್ತಿಗೆ ಇಳಿಸಿದರೂ ತುದಿ ವೇಗ 400 ದಾಟುತ್ತೆ. ಹಾಗಾದರೆ ಎರಡೂ ಹೆಚ್ಚುಕಡಿಮೆ ಒಂದೇ ವೇಗ. ಆದರೆ ಒಂದರಲ್ಲಿ ಆ ವೇಗದಲ್ಲಿ ಬರೋದು ಅಡಿಪಟ್ಟಿಯಷ್ಟು ಉದ್ದದ ಹಗುರ ರೆಕ್ಕೆ, ಇನ್ನೊಂದರಲ್ಲಿ ತೋಳಷ್ಟು ಉದ್ದದ ಕಾರ್ಬನ್ ಫೈಬರ್. 2013ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 19 ವರ್ಷದ ಹುಡುಗನೊಬ್ಬ ಪಾರ್ಕಿನಲ್ಲಿ ಹಾರಿಸುವಾಗ ತನ್ನದೇ ಹೆಲಿಕಾಪ್ಟರ್ ರೆಕ್ಕೆ ತಲೆಗೆ ಬಡಿದು ತೀರಿಕೊಂಡ. ಹೊಸಬನಲ್ಲ ಅವನು, ಚೆನ್ನಾಗಿ ಹಾರಿಸುತ್ತಿದ್ದವನು. ಆ ಲೆಕ್ಕ ಹಾಕಿದ ರಾತ್ರಿಯಿಂದ ಹತ್ತು ಮಾರಿಗಿಂತ ಹತ್ತಿರ ನಾನು ನಿಂತಿಲ್ಲ. ಮಾವ ಟ್ರ್ಯಾಕ್ಟರ್ ಹಿಂದೆ ನಿಂತರೆ ಮಾತ್ರ ರೆಕ್ಕೆ ತಿರುಗಿಸ್ತೀನಿ.

ಒಂದು ತಿಂಗಳು ಹಾರಿಸಲೇ ಇಲ್ಲ. ಪೂರ್ತಿ ಬಿಚ್ಚಿ ಕಟ್ಟಿದೆ. ಹಳೇ ಮಾಲು, ಹಿಂದಿನವರು ಹೇಗೆ ಇಟ್ಟುಕೊಂಡಿದ್ದರೋ ಏನೋ. ಲೋಹಕ್ಕೆ ಲೋಹ ಸೇರೋ ಪ್ರತಿ ಸ್ಕ್ರೂಗೂ ಸಡಿಲ ಆಗದ ಹಾಗೆ ನೀಲಿ ಲಾಕ್‌ಟೈಟ್ ಅಂಟು ಹಾಕಿದೆ. ಬಾಲದ ಎರಡು ಬೇರಿಂಗ್ ಬೆರಳಲ್ಲಿ ತಿರುಗಿಸಿದರೆ ಮರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತಿದ್ದವು, ಅಂಗಡಿಯಲ್ಲಿ ಕೂತು ಬದಲಿಸಿದೆ. ಆರು ಸೆಲ್‌ನ ಲಿಪೊ ಬ್ಯಾಟರಿ ತುಂಬಿದಾಗ 25.2 ವೋಲ್ಟ್. 450ರ ಮೂರು ಸೆಲ್ ಬ್ಯಾಟರಿ ಚುಚ್ಚಿ ಅಭ್ಯಾಸ ಆದವನು ಅದೇ ಸಲೀಸಿನಲ್ಲಿ ಪ್ಲಗ್ ಚುಚ್ಚಿದೆ ನೋಡಿ, ಚಟ್ ಅಂತ ಕಿಡಿ. ಕನೆಕ್ಟರ್ ತುದಿ ಕಪ್ಪಾಗಿ ಸಣ್ಣ ಗುಳಿ ಬಿತ್ತು. ದಿನಾ ಮೂರು ಫೇಸ್ ಕರೆಂಟ್ ಜೊತೆ ಬದುಕೋ ನಾನು ಕುರ್ಚಿಯಿಂದ ಎದ್ದು ನಿಂತೆ. ಕಿಡಿ ಬರದ ಹಾಗೆ ಒಳಗೆ ರೆಸಿಸ್ಟರ್ ಇರೋ ಕನೆಕ್ಟರ್ ಸಿಗುತ್ತೆ, ಈಗ ಅದನ್ನೇ ಹಾಕಿದ್ದೀನಿ.

ಹೊಲದ ವಿಷಯ. ಮೆಕ್ಕೆಜೋಳ ಕಿತ್ತ ಮೇಲೆ ಮುಂಗಾರಿನ ತನಕ ಖಾಲಿ. ಆದರೆ ಕೂಳೆ ಇರುತ್ತಲ್ಲ, ಮೊಣಕಾಲುದ್ದ ಕಡ್ಡಿಗಳು, ಬಾಲದ ರೆಕ್ಕೆಗೆ ತಾಗಿದರೆ ಮುಗೀತು. ಅದಕ್ಕೆ ಹಳೇ ಕಣದ ಜಾಗ ಆರಿಸಿಕೊಂಡೆ, ಅಲ್ಲಿ ನೆಲ ಗಟ್ಟಿ. ಮೊದಲ ದಿನ ಮಾವ ಪ್ರೀತಿಯಿಂದ ತಾಡಪಾಲು ಹಾಸಿಕೊಟ್ಟರು. ಬೇಡ ಅನ್ನೋಕಾಗಲಿಲ್ಲ, ಆದರೆ ರೆಕ್ಕೆ ಗಾಳಿಗೆ ಅದರ ಅಂಚು ಮೇಲೆದ್ದು ಸಿಕ್ಕಿಕೊಂಡರೆ ಗತಿ ಏನು. ಮಡಚಿಟ್ಟು ನಾಲ್ಕು ಅಡಿ ಪ್ಲೈವುಡ್ ಇಟ್ಟೆ. ಮಾವ ಸುತ್ತ ಒಂದು ಸುತ್ತು ಬಂದು, "ಏನ್ ಅಳಿಯಾ, ಇದು ಔಷಧಿ ಹೊಡಿತೈತಾ?" ಅಂದರು. ಇಲ್ಲ ಮಾವ, ಸುಮ್ನೆ ಹಾರುತ್ತೆ ಅಂದೆ. "ಸುಮ್ನೆ ಹಾರಾಕೆ ಇಷ್ಟು ದುಡ್ಡಾ?" ಅಂತ ಕೇಳಿ ಉತ್ತರಕ್ಕೆ ಕಾಯದೆ ಹೋಗಿ ಟ್ರ್ಯಾಕ್ಟರ್ ಹತ್ತಿರ ನಿಂತರು.

ಮೊದಲ ಸಲ ಎದ್ದಾಗ ಆದ ಸಂತೋಷ ಹೇಳೋಕಾಗಲ್ಲ. ಸದ್ದೇ ಬೇರೆ. 450 ಜೇನುನೊಣದ ಹಾಗೆ ಕಿರಗುಡುತ್ತೆ, ಇದು ಎದೆಗೆ ತಾಗೋ ಹಾಗೆ ಗುಯ್‌ಗುಟ್ಟುತ್ತೆ. ಎದ್ದು ನಿಂತಿತು. ಅಲುಗಲಿಲ್ಲ. ಆದರೆ ಸ್ವಲ್ಪ ಬಲಕ್ಕೆ ವಾಲಿತ್ತು. ಎಲ್ಲೋ ಸೆಟ್ಟಿಂಗ್ ತಪ್ಪಿದೆ ಅಂತ ಇಳಿಸಿ, ವಾಲೋದನ್ನು ತಿದ್ದೋ ಟ್ರಿಮ್ ಬಟನ್ ಒತ್ತಿದೆ, ಮತ್ತೆ ಎಬ್ಬಿಸಿದರೆ ಸೀದಾ ಎಡಕ್ಕೆ ಜಾರಿಕೊಂಡು ಹೋಯಿತು. ಎರಡು ಬ್ಯಾಟರಿ ಇದರಲ್ಲೇ ಕಳೆದ ಮೇಲೆ ಹೊಳೆಯಿತು, ತಪ್ಪು ಸೆಟ್ಟಿಂಗ್‌ನಲ್ಲಿಲ್ಲ ಅಂತ. ದೊಡ್ಡ ರೆಕ್ಕೆ ಗಡಿಯಾರದ ದಿಕ್ಕಿಗೆ ತಿರುಗುತ್ತೆ, ಅದಕ್ಕೆ ಮೈ ಎದುರು ದಿಕ್ಕಿಗೆ ತಿರುಗದ ಹಾಗೆ ಬಾಲದ ರೆಕ್ಕೆ ಹಿಡಿದಿಡುತ್ತೆ, ಹಿಡಿಯುವಾಗ ಇಡೀ ಹೆಲಿಕಾಪ್ಟರನ್ನೇ ಎಡಕ್ಕೆ ತಳ್ಳುತ್ತೆ. ಒಂದೇ ಕಡೆ ನಿಲ್ಲಬೇಕು ಅಂದ್ರೆ ಸ್ವಲ್ಪ ಬಲಕ್ಕೆ ವಾಲಲೇಬೇಕು. ನಿಜವಾದ ಹೆಲಿಕಾಪ್ಟರ್‌ಗಳೂ ಹೀಗೇ ಒಂದು ಕಡೆ ತೂಗಿಕೊಂಡು ನಿಲ್ಲುತ್ತವೆ. 450ರಲ್ಲೂ ಇದೇ ಇತ್ತು, ಚಿಕ್ಕದಾದ್ದರಿಂದ ನಾನು ಗಮನಿಸಿರಲಿಲ್ಲ ಅಷ್ಟೆ.

ಇನ್ನು ರೆಕ್ಕೆಗಳ ಟ್ರ್ಯಾಕಿಂಗ್, ಅಂದ್ರೆ ಎರಡೂ ರೆಕ್ಕೆ ಒಂದೇ ಎತ್ತರದಲ್ಲಿ ತಿರುಗೋ ಹಾಗೆ ಮಾಡೋದು. ಒಂದು ತುದಿಗೆ ಕೆಂಪು ಟೇಪು, ಇನ್ನೊಂದಕ್ಕೆ ನೀಲಿ, ನಮ್ಮ ಅಂಗಡಿಯ ಇನ್ಸುಲೇಶನ್ ಟೇಪೇ. ದೂರ ನಿಂತು ಕಣ್ಣಿನ ಎತ್ತರಕ್ಕೆ ಎಬ್ಬಿಸಿ ಅಡ್ಡಕ್ಕೆ ನೋಡಿದರೆ ಕೆಂಪು ಗೆರೆ ಮೇಲೆ, ನೀಲಿ ಗೆರೆ ಒಂದು ಬೆರಳು ಕೆಳಗೆ. ಇಳಿಸು, ಬ್ಯಾಟರಿ ಕಿತ್ತು ಹಾಕು, ರೆಕ್ಕೆಯ ಓರೆ ಹೆಚ್ಚುಕಡಿಮೆ ಮಾಡೋ ಲಿಂಕ್ ಒಂದು ಸುತ್ತು ತಿರುಗಿಸು, ಮತ್ತೆ ಎಬ್ಬಿಸು. ನಾಲ್ಕನೇ ಸಲಕ್ಕೆ ಎರಡೂ ಗೆರೆ ಸೇರಿ ಒಂದೇ ನೇರಳೆ ಗೆರೆ ಆಯಿತು. ನಡುಕ ನಿಂತುಹೋಯಿತು. ಇಡೀ ಹವ್ಯಾಸದಲ್ಲಿ ನನಗೆ ಅತಿ ಇಷ್ಟವಾದದ್ದು ಆ ನೇರಳೆ ಗೆರೆ, ಹಾರಿಸೋದು ಕೂಡ ಆಮೇಲೆ.

ಒಂದು ದಿನ ದೊಡ್ಡ ಅನಾಹುತ ತಪ್ಪಿತು. ಟ್ರಾನ್ಸ್‌ಮಿಟರ್ ಒಂದೇ, ಅದರಲ್ಲಿ ಎರಡು ಹೆಲಿಕಾಪ್ಟರ್‌ನ ಸೆಟ್ಟಿಂಗ್. ಮೊದಲು 450 ಹಾರಿಸಿ ಆಮೇಲೆ 600 ಎತ್ತಿಕೊಂಡೆ, ಮಾಡೆಲ್ ಬದಲಿಸೋದು ಮರೆತೆ. ರೆಕ್ಕೆ ತಿರುಗಿಸೋಕೆ ಮುಂಚೆ ಟ್ರಾನ್ಸ್‌ಮಿಟರ್ ಕಡ್ಡಿ ಎಡಕ್ಕೆ-ಬಲಕ್ಕೆ ಆಡಿಸಿ ಸ್ವಾಶ್‌ಪ್ಲೇಟ್, ಅಂದ್ರೆ ರೆಕ್ಕೆಯ ಓರೆ ಬದಲಿಸೋ ತಟ್ಟೆ, ನೋಡೋ ಅಭ್ಯಾಸ ಇತ್ತು, ಎಡಕ್ಕೆ ಎಳೆದರೆ ಅದು ಬಲಕ್ಕೆ ವಾಲಿತು. ಹಾಗೇ ಎಬ್ಬಿಸಿದ್ದರೆ ಹಲಗೆ ಮೇಲೇ ಮಗುಚಿ ಚೂರಾಗುತ್ತಿತ್ತು. ಬೆವರು ಒರೆಸಿಕೊಂಡೆ. ನಿಮಗೂ ಎರಡು ಇದ್ದರೆ ದಯವಿಟ್ಟು ಇದೊಂದನ್ನು ತಪ್ಪಿಸಬೇಡಿ, ಬೇಕಾದರೆ ಬಾಕಿ ಎಲ್ಲಾ ಮರೆತುಬಿಡಿ.

ಈಗ ಗೊಬ್ಬರದ ಚೀಲದ ಕಥೆ. ಫೆಬ್ರವರಿ, 600 ಹಾರಿಸೋಕೆ ಶುರು ಮಾಡಿದ ಮೇಲೆ ಆರನೇ ಭಾನುವಾರ. ಎಷ್ಟು ಚೆನ್ನಾಗಿ ನಿಲ್ಲುತ್ತಿತ್ತು ಅಂದ್ರೆ, ಬಂದೇಬಿಟ್ಟಿತು ಅಂದುಕೊಂಡು ಮೂತಿ ನನ್ನ ಕಡೆ ತಿರುಗಿಸಿದೆ. ಮೂರು ಸೆಕೆಂಡು ನಿಂತಿತು. ಆಮೇಲೆ ನಿಧಾನಕ್ಕೆ ನನ್ನ ಕಡೆ ಬರೋಕೆ ಶುರು ಮಾಡಿತು. 450 ಆಗಿದ್ದರೆ ಮೈ ಮೇಲೆ ಬಂದರೂ ಬಗ್ಗಿಬಿಡ್ತೀನಿ ಅನ್ನೋ ಧೈರ್ಯ ಇರುತ್ತಿತ್ತು. ಇದು ಬರೋದು ನೋಡಿ ಬೆರಳು ಮರಗಟ್ಟಿತು. ಹಿಂದಕ್ಕೆ ಕಳಿಸೋಕೆ ಕಡ್ಡಿ ಎಳೆದೆ, ಮೂತಿ ಈ ಕಡೆ ಇರುವಾಗ ಎಳೆಯೋದೇ ಸರಿ, ಆದರೆ ಭಾರಕ್ಕೆ ಅದು ತಕ್ಷಣ ನಿಲ್ಲಲಿಲ್ಲ. ನಿಲ್ಲುತ್ತೆ ಅಂತ ಅರ್ಧ ಸೆಕೆಂಡು ಕಾಯದೆ, ತಪ್ಪು ಎಳೆದೆನೇನೋ ಅಂತ ಉಲ್ಟಾ ತಳ್ಳಿದೆ. ಅಷ್ಟೇ. ತಲೆ ತಗ್ಗಿಸಿ ನುಗ್ಗಿತು. ಥ್ರಾಟಲ್ ಹೋಲ್ಡ್ ಒತ್ತಿದೆ, ಮೋಟಾರ್ ನಿಂತರೂ ರೆಕ್ಕೆಯ ವೇಗ ಎಲ್ಲಿ ನಿಲ್ಲುತ್ತೆ. ನನ್ನಿಂದ ಆರು ಮಾರು ದೂರದಲ್ಲಿ ಕೂಳೆಗೆ ಬಿತ್ತು. ಕಡ್ಡಿ, ಮಣ್ಣು, ಕಪ್ಪು ಚೂರು ಎಲ್ಲಾ ಒಟ್ಟಿಗೆ ಎದ್ದವು.

ರೆಕ್ಕೆಗಳೇ ಬಾಲದ ಕೊಳವೆಯನ್ನು ಕಡಿದುಹಾಕಿದ್ದವು. ಎರಡೂ ರೆಕ್ಕೆ ಹಿಡಿದಿಡೋ ಫೆದರಿಂಗ್ ಶಾಫ್ಟ್ ಬಾಗಿತ್ತು, ಮೇನ್ ಗೇರಿನ ಹಲ್ಲು ಒಂದು ಕಡೆ ಕ್ಷೌರ ಮಾಡಿದ ಹಾಗೆ ಬೋಳು. 450 ಬಿದ್ದರೆ ಸಾವಿರದೈನೂರಕ್ಕೆ ಮುಗಿಯುತ್ತಿತ್ತು. ಇದು ಹನ್ನೊಂದು ಸಾವಿರ, ಪಾರ್ಟ್ಸ್ ಬರೋಕೆ ಮೂರು ವಾರ. ಮಾವ ಹತ್ತಿರ ಬಂದು ಒಂದೊಂದೇ ಚೂರು ಹೆಕ್ಕಿ ಚೀಲಕ್ಕೆ ಹಾಕಿದರು. "ಹೋಗ್ಲಿ ಬಿಡು ಅಳಿಯಾ. ಚಳ್ಳಕೆರೆ ಕಡೆ ಸರ್ಕಾರದ್ದೇ ಬಿದ್ದಿತ್ತಲ್ಲ" ಅಂದರು. 2019ರಲ್ಲಿ ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿ ಹತ್ತಿರ ಡಿಆರ್‌ಡಿಒದ ರುಸ್ತುಂ-2 ಡ್ರೋನ್ ಪರೀಕ್ಷೆ ವೇಳೆ ಬಿದ್ದಿತ್ತು, ಅದನ್ನು ನೆನಪಿಟ್ಟುಕೊಂಡು ಸಮಾಧಾನ ಹೇಳಿದರು. ಯಾಕೋ ಸ್ವಲ್ಪ ಸಮಾಧಾನವೂ ಆಯಿತು.

ಮನೆಗೆ ಬಂದು ಯೋಚನೆ ಮಾಡಿದರೆ, 450ರಲ್ಲಿ ಬಾರದೇ ಇದ್ದದ್ದೇ 600ರಲ್ಲೂ ಬೀಳಿಸಿದ್ದು. ದೊಡ್ಡದು ತಗೊಂಡಿದ್ದಕ್ಕೆ ಬೇಜಾರಿಲ್ಲ, ಅದರಲ್ಲಿ ಮೂತಿ-ಬಾಲ ನಿಜವಾಗಲೂ ಚೆನ್ನಾಗಿ ಕಾಣುತ್ತೆ. ಆದರೆ ಬಾರದ ಪಾಠ ಕಲಿಯೋ ಜಾಗ ಅದಲ್ಲ. ಈಗ ಹೊಸ ಪಾಠ ಎಲ್ಲಾ 450ರಲ್ಲಿ, ಕೈ ಪಳಗಿದ ಮೇಲೆ 600ರಲ್ಲಿ. ಐದು ವಾರ ಬರೀ 450 ಮೂತಿ ತಿರುಗಿಸಿ ನಿಲ್ಲಿಸಿದೆ, ಮಗುಚದ ಹಾಗೆ ಅದರ ಕಾಲಿಗೆ ಮತ್ತೆ ಅಡ್ಡಕಡ್ಡಿ ಕಟ್ಟಿ, ತುದಿಗೆ ಪಿಂಗ್‌ಪಾಂಗ್ ಚೆಂಡು ಸಿಕ್ಕಿಸಿ, ಮೊದಲ ದಿನ ಮಾಡಿದ ಹಾಗೆ. ನಾಚಿಕೆ ಏನಿಲ್ಲ.

ಅಂದ ಹಾಗೆ, ತೂಕ ಎರಡು ಕೆ.ಜಿ. ದಾಟಿದರೆ 2021ರ ಡ್ರೋನ್ ನಿಯಮದಲ್ಲಿ ಮೈಕ್ರೋ ಬಿಟ್ಟು ಸ್ಮಾಲ್ ವರ್ಗ ಆಗುತ್ತೆ. ಜಾಗ ಹಾರಿಸಬಹುದಾದ ಹಸಿರು ವಲಯದಲ್ಲಿದೆಯಾ ಅಂತ ಸರ್ಕಾರದ ನಕ್ಷೆ ನೋಡಿಕೊಂಡೇ ಹೋಗಿ.

ಮೊನ್ನೆ ಭಾನುವಾರ ನಡುಗೋ ಬೆರಳಲ್ಲೇ 600 ಎಬ್ಬಿಸಿದೆ. ಬಾಲ ನನ್ನ ಕಡೆಯೇ ಇಟ್ಟು ಐದು ನಿಮಿಷ ಟೈಮರ್ ಕೂಗೋವರೆಗೂ ನಿಲ್ಲಿಸಿ ಇಳಿಸಿದೆ. ಬೇರೇನೂ ಮಾಡಲಿಲ್ಲ. ಎಂಟೂವರೆ ಹೊತ್ತಿಗೆ ಗಾಳಿ ಎದ್ದಿತು, ಹೊಲದಾಚೆ ಸಣ್ಣ ಸುಳಿಗಾಳಿ ದರಗು ಎತ್ತಿಕೊಂಡು ತಿರುಗುತ್ತಿತ್ತು, ಎಲ್ಲಾ ಕಟ್ಟಿಟ್ಟೆ. ಮಾವ ಪ್ಲೈವುಡ್ ಎತ್ತಿ ಬೇಲಿಗೆ ಒರಗಿಸುತ್ತಾ ಹೇಳಿದರು, "ರೋಹಿಣಿ ಮಳೆ ಬರೋತನಕ ಹೊಲ ನಿಂದು. ಆಮೇಲೆ ನಂದು." ಮೇ ಕೊನೆ ಅಂದ್ರೆ ಇನ್ನು ಒಂಬತ್ತೋ ಹತ್ತೋ ಭಾನುವಾರ.