ಬೆಳ್ಮಣ್ಣಿನ ತೋಟದಲ್ಲಿ ಲಿಸ್ಟರ್ ಸದ್ದು

ಮಂಗಳೂರಿನ ಸ್ಟೇಟ್‌ಬ್ಯಾಂಕ್‌ನಲ್ಲಿ ಉಡುಪಿ ಎಕ್ಸ್‌ಪ್ರೆಸ್ ಹತ್ತಿ ಪಡುಬಿದ್ರಿಯಲ್ಲಿ ಇಳಿದೆ. ಅಲ್ಲಿಂದ ಕಾರ್ಕಳದ ಬಸ್ಸಿನಲ್ಲಿ ಬೆಳ್ಮಣ್ಣು. ಪರಿಚಯದವರ ಅಡಿಕೆ ತೋಟದಲ್ಲಿ ನೀರೆತ್ತುವ ಹಳೇ ಲಿಸ್ಟರ್ ಡೀಸೆಲ್ ಇಂಜಿನ್ ಉಂಟು, ಅದನ್ನು ಡಿಪ್ಲೊಮಾ ಓದುವ ಮೊಮ್ಮಗ ಮತ್ತೆ ಸ್ಟಾರ್ಟ್ ಮಾಡಿದ್ದಾನೆ ಅಂತ ಸುದ್ದಿ ಸಿಕ್ಕಿತ್ತು.

ಕೆರೆಯ ಪಕ್ಕದಲ್ಲೇ ಪಂಪ್ ಶೆಡ್. ಒಳಗೆ ಎರಡು ದೊಡ್ಡ ಫ್ಲೈವೀಲ್ (ಭಾರದ ಚಕ್ರ), ನಡುವೆ ಒಂದೇ ಸಿಲಿಂಡರ್. ಹುಡುಗ ಎಣ್ಣೆ ನೋಡಿದ, ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಶನ್ ಲಿವರ್ ಎತ್ತಿದ, ಹ್ಯಾಂಡಲ್ ಹಿಡಿದ. "ಹೆಬ್ಬೆರಳು ಸುತ್ತ ಹಾಕ್ಬೇಡ ಮಾರಾಯ, ಉಲ್ಟಾ ಹೊಡೆದ್ರೆ ಕೈ ಹೋಗ್ತದೆ" ಅಂದರು ಅಜ್ಜ. ಚಕ್ರಕ್ಕೆ ವೇಗ ಬರುತ್ತಿದ್ದಂತೆ ಲಿವರ್ ಬಿಟ್ಟ. ಒಂದು ಗುದ್ದು, ಇನ್ನೊಂದು ಗುದ್ದು, ಕಪ್ಪು ಹೊಗೆ, ಆಮೇಲೆ ಟುಕ್ ಟುಕ್ ಟುಕ್. ಕಾಲಡಿಯ ನೆಲ ನಡುಗಿತು. ಇದು 5 ಎಚ್‌ಪಿ ಇಂಜಿನ್, ನಿಮಿಷಕ್ಕೆ ಬರೀ 600 ಸುತ್ತು. ನಮ್ಮ ಬೈಕ್ ನಿಂತಲ್ಲೇ ಇದಕ್ಕಿಂತ ಜಾಸ್ತಿ ತಿರುಗುತ್ತದೆ. ಕವಾಟ ಏಳುವುದು, ಬೀಳುವುದು ಎಲ್ಲ ಕಣ್ಣೆದುರೇ. ಹುಡುಗನಿಗೆ ಹಿಡಿಸಿದ್ದೂ ಅದೇ. "ಕಾಲೇಜಲ್ಲಿ ಚಿತ್ರ ಬಿಡಿಸಿದ್ದೆ, ಇಲ್ಲಿ ಅರ್ಥ ಆಯ್ತು" ಅಂದ.

ಲಿಸ್ಟರ್ ಕಂಪೆನಿ ಶುರುವಾದದ್ದು 1867ರಲ್ಲಿ, ಇಂಗ್ಲೆಂಡಿನ ಡರ್ಸ್‌ಲಿಯಲ್ಲಿ. ಅದರ ಈ ನಿಧಾನದ ಡೀಸೆಲ್ ಇಂಜಿನ್ನಿನ ನಕಲನ್ನು ಗುಜರಾತಿನ ರಾಜ್‌ಕೋಟ್‌ನವರು ದಶಕಗಳಿಂದ ಮಾಡುತ್ತಿದ್ದಾರೆ. ಹಾಗಾಗಿ ಪಿಸ್ಟನ್ ರಿಂಗ್, ಗ್ಯಾಸ್ಕೆಟ್ ಈಗಲೂ ಸಿಗುತ್ತದೆ. ಇವನೂ ಅಲ್ಲಿಂದಲೇ ತರಿಸಿದ್ದ.

ಮತ್ತೆ ಈ ಇಂಜಿನ್ನುಗಳು ಮಾಯವಾದದ್ದು ಯಾಕೆ? ಕರೆಂಟ್ ಪಂಪ್ ಬಂತು, 10 ಎಚ್‌ಪಿವರೆಗೆ ರೈತರಿಗೆ ವಿದ್ಯುತ್ ಉಚಿತವಾಯಿತು. ಹ್ಯಾಂಡಲ್ ತಿರುಗಿಸುವ ಕಷ್ಟ ಯಾರಿಗೆ ಬೇಕು? ಇಂಜಿನ್ನುಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಯೆಜ್ಡಿ ಬೈಕಿಗೆ ಹಾಗಾಗಲಿಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಹುಡುಗರು ಇನ್ನೂ ಹುಡುಕಿ ಕೊಳ್ಳುತ್ತಾರೆ. ಬೈಕನ್ನು ಫ್ಲಾಟಿನ ಕೆಳಗೆ ನಿಲ್ಲಿಸಬಹುದು, ಊರು ಸುತ್ತಬಹುದು. ಲಿಸ್ಟರಿಗೆ ಶೆಡ್ ಬೇಕು, ಸದ್ದು ಸಹಿಸುವ ನೆರೆಮನೆಯವರು ಬೇಕು.

"ಈಗಿನ ಮಕ್ಕಳಿಗೆ ಮೊಬೈಲ್ ಬಿಟ್ಟರೆ ಏನೂ ಬೇಡ" ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಈ ಹುಡುಗ ಕವಾಟ ತಳ್ಳುವ ಟ್ಯಾಪೆಟ್ ಹೊಂದಿಸಲು ಕಲಿತದ್ದೇ ಮೊಬೈಲಿನಲ್ಲಿ ವಿಡಿಯೊ ನೋಡಿ. ಮುಟ್ಟಬೇಡ, ಹಾಳು ಮಾಡ್ತೀ ಅಂತ ದೂರ ಇಟ್ಟವರು ನಾವು ಹಿರಿಯರೇ ಅಲ್ವಾ? ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೇ ಕಾರುಗಳನ್ನು ನೋಡಿ ನಾನು ತುಂಬ ಖುಷಿಪಟ್ಟಿದ್ದೇನೆ. ಆದರೆ ಕೈಗೆ ಗ್ರೀಸ್ ಹತ್ತಿದರೆ ಮಾತ್ರ ಹುಚ್ಚು ಹತ್ತುತ್ತದೆ. ಬೆಳ್ಮಣ್ಣಿನ ಅಜ್ಜ ಇದನ್ನು ಬಲ್ಲವರು. ಭಾನುವಾರ ಬರುವ ಮೊಮ್ಮಗನ ಗೆಳೆಯರೆಲ್ಲರಿಗೂ ಸರದಿ ಪ್ರಕಾರ ಹ್ಯಾಂಡಲ್ ಕೊಡುತ್ತಾರೆ, ಹುಡುಗಿಯರಿಗೂ.

ಸಂಜೆ ಮಲ್ಪೆಗೆ ಹೋದೆ. ದೋಣಿಯ ಔಟ್‌ಬೋರ್ಡ್ ಇಂಜಿನ್ ಬಿಚ್ಚಿ ಕಾರ್ಬ್ಯುರೇಟರ್ ತೊಳೆಯುತ್ತಿದ್ದವನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಅವನಿಗದು ಹೊಟ್ಟೆಪಾಡು. ಕೈಚಳಕ ಅಂತೂ ಈ ಕರಾವಳಿಯಲ್ಲಿ ಧಾರಾಳ ಉಂಟು.

ಬೆಳ್ಮಣ್ಣಿನ ಹುಡುಗರು ಈಗ ಪಕ್ಕದ ಮನೆಯ ವಿಲಿಯರ್ಸ್ ಪಂಪಿಗೆ ಕೈ ಹಾಕಿದ್ದಾರೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸುವಂಥದ್ದು. ಇಂಜಿನ್ನಿಗೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋದಲ್ಲಿ ಕಿಡಿ ಬರುತ್ತಿಲ್ಲ. ಆ ಕೆಲಸ ಬಲ್ಲ ಹಳೇ ಮೆಕ್ಯಾನಿಕ್ ಯಾರಾದರೂ ಮಂಗಳೂರು, ಉಡುಪಿ ಕಡೆ ಇದ್ದರೆ, ದಯವಿಟ್ಟು ಈ ಹುಡುಗರಿಗೆ ಒಂದು ಭಾನುವಾರ ಕೊಡಿ.