ರೂಮು 18 ಡಿಗ್ರಿ, ಪ್ರೊಸೆಸರ್ 9 ಡಿಗ್ರಿ

ಮೊನ್ನೆ ಬೆಳಗ್ಗೆ ಆರೂವರೆಗೆ ಎದ್ದು ಕಂಪ್ಯೂಟರ್ ಆನ್ ಮಾಡ್ದೆ. ಎರಡು ದಿನದಿಂದ ಬಿಡದೆ ಸುರೀತಿರೋ ಜುಲೈ ಮಳೆ, ರಾತ್ರಿ ಪೂರ್ತಿ ಕರೆಂಟ್ ಇರ್ಲಿಲ್ಲ, ಹಂಗಾಗಿ ಮಷೀನು ಎಂಟೊಂಬತ್ತು ಗಂಟೆ ತಣ್ಣಗೆ ಕೂತಿತ್ತು. ಗೋಡೆ ಮೇಲಿರೋ ಥರ್ಮಾಮೀಟರಲ್ಲಿ 18 ಡಿಗ್ರಿ. ಟೆಂಪರೇಚರ್ ತೋರಿಸೋ ಪ್ರೋಗ್ರಾಮ್ ತೆಗೆದು ನೋಡಿದ್ರೆ ಕೋರ್, ಅಂದ್ರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡೋ ಭಾಗ, 9 ಡಿಗ್ರಿ! ಫ್ಯಾನು ಊದೋದು ಇದೇ ರೂಮಿನ ಗಾಳೀನ, ಆ ಗಾಳಿಗಿಂತ ತಣ್ಣಗೆ ಆಗೋಕೆ ಪ್ರೊಸೆಸರಿಗೆ ಯಾವ ದಾರೀನೂ ಇಲ್ಲ.

ನಂದು ಎಎಂಡಿ ಎಫ್‌ಎಕ್ಸ್ 8350. 2012ರ ಚಿಪ್ಪು, ಹಳೇದೇ, ಆದ್ರೆ ವಿರಾಜಪೇಟೆ ಕಡೆ ಮದುವೆ ವಿಡಿಯೋ ಎಡಿಟ್ ಮಾಡ್ಕೊಂಡು ಇರೋ ನಂಗೆ ಎಂಟು ಕೋರು ಇವತ್ತಿಗೂ ಕೆಲಸಕ್ಕೆ ಬರ್ತಿದೆ. ಕಂಪ್ನಿಯಿಂದ ಬರೋದು 4.0 ಗಿಗಾಹರ್ಟ್ಸ್, ನಾನು 4.6ಕ್ಕೆ ಓಡಿಸ್ತಿದ್ದೆ, ಹೀಗೆ ಜೋರಾಗಿ ಓಡಿಸೋದಕ್ಕೇ ಓವರ್‌ಕ್ಲಾಕಿಂಗ್ ಅನ್ನೋದು. ಬೋರ್ಡು ಓವರ್‌ಕ್ಲಾಕಿಂಗ್‌ಗೆ ಅಂತಾನೇ ಮಾರೋ ದುಬಾರಿ ಮದರ್‌ಬೋರ್ಡು, ಹೆಸರು ಬೇಡ. ಈ ಜನವರಿಲಿ ಅದಕ್ಕೆ ಬಯಾಸ್ (ಬೋರ್ಡನ್ನ ನಡೆಸೋ ಒಳಗಿನ ಪ್ರೋಗ್ರಾಮ್) ಅಪ್‌ಡೇಟ್ ಹಾಕ್ದೆ, ಹಾಕಿದ ದಿನವೇ ಲೋಡಲ್ಲಿ (ಜೋರು ಕೆಲಸ ಕೊಟ್ಟಾಗ) 61 ತೋರಿಸ್ತಿದ್ದ ಬೋರ್ಡಿನ ಸಿಪಿಯು (ಪ್ರೊಸೆಸರ್) ಟೆಂಪರೇಚರು 53ಕ್ಕೆ ಇಳೀತು. ಪ್ರೊಸೆಸರ್ ಮೇಲೆ ಹಚ್ಚೋ ಪೇಸ್ಟ್ ಬದಲಾಯಿಸಿರ್ಲಿಲ್ಲ, ಫ್ಯಾನ್ ಮುಟ್ಟಿರ್ಲಿಲ್ಲ, ವೋಲ್ಟೇಜೂ ಅಷ್ಟೇ. ನಾನು ಖುಷಿಯಾಗಿ ಎಂಟು ಡಿಗ್ರಿ ಜಾಗ ಸಿಕ್ತಲ್ಲ ಅಂತ ವೋಲ್ಟೇಜ್ ಏರಿಸ್ದೆ, ಅದು ಏರಿದ್ರೆ ಬಿಸೀನೂ ಏರತ್ತೆ. ಮಾರ್ಚಲ್ಲಿ ಕಣದಲ್ಲಿ ಕಾಫಿ ಒಣಗ್ತಿರೋ ಬಿಸಿಲಿಗೆ ರೂಮು 30 ದಾಟಿದಾಗ ಒಂದು ಮದುವೆ ರೆಂಡರ್ (ಎಡಿಟ್ ಆದ ವಿಡಿಯೋನ ಫೈಲ್ ಮಾಡೋ ಕೆಲಸ) ಅರ್ಧಕ್ಕೆ ನಿಂತು ಸಿಸ್ಟಮ್ಮು ಸೀದಾ ಆಫ್ ಆಯ್ತು, ಮತ್ತೆ ಆನ್ ಮಾಡಿದ್ರೆ ಹತ್ತು ನಿಮಿಷದಲ್ಲಿ ಮತ್ತೆ ಆಫ್. ಸ್ಕ್ರೀನಲ್ಲಿ ಕೊನೇಗೆ ನೋಡಿದ ನಂಬರು ಮಾತ್ರ ಭಯ ಪಡೋ ಅಂಥದ್ದೇನೂ ಆಗಿರ್ಲಿಲ್ಲ. ಆವಾಗ ಪವರ್ ಸಪ್ಲೈ ಮೇಲೆ ಅನುಮಾನ ಪಟ್ಟು ಅದನ್ನೇ ಬದಲಾಯಿಸ್ದೆ.

ಈ 9 ಡಿಗ್ರಿ ನೋಡಿದ ಮೇಲೆ ಬಿಡೋಕೆ ಆಗ್ಲಿಲ್ಲ. ನನ್ನ ಮಲ್ಟಿಮೀಟರ್ ಜೊತೆ ಬಿಸಿ ಅಳೆಯೋ ಒಂದು ಥರ್ಮೋಕಪಲ್ ವೈರ್ ಬಂದಿತ್ತು, ಅದರ ತುದೀನ ಪ್ರೊಸೆಸರ್ ಬಿಸಿ ಹೀರೋ ಹೀಟ್‌ಸಿಂಕಿನ ಬುಡಕ್ಕೆ, ತಾಮ್ರದ ಪೈಪು ಶುರುವಾಗೋ ಜಾಗಕ್ಕೆ ಒತ್ತಿ ಟೇಪ್ ಹಾಕ್ದೆ. ಮೊದ್ಲು ಅದನ್ನ ಗೋಡೆ ಥರ್ಮಾಮೀಟರ್ ಪಕ್ಕ ಹಿಡಿದು ನೋಡಿದ್ದೆ, ಎರಡೂ ಒಂದೇ ಹೇಳ್ತಿದ್ವು. ಸುಮ್ನೆ ಕೂತಿರೋವಾಗ ಬುಡ 23 ಡಿಗ್ರಿ, ಪ್ರೋಗ್ರಾಮಲ್ಲಿ ಕೋರ್ 12, ಬೋರ್ಡಿನ ಸಿಪಿಯು ರೀಡಿಂಗು 20. ಬಿಸಿ ಹುಟ್ಟೋದೇ ಚಿಪ್ಪಲ್ಲಿ, ಅಲ್ಲಿಂದ ಬುಡಕ್ಕೆ ಬರ್ಬೇಕು. ಹಾಗಿದ್ಮೇಲೆ ಚಿಪ್ಪು ಬುಡಕ್ಕಿಂತ ತಣ್ಣಗೆ ಅನ್ನೋ ಎರಡೂ ನಂಬರು ತಪ್ಪು!

ಇವೆರಡು ತಪ್ಪಿಗೂ ಕಾರಣ ಬೇರೆ ಬೇರೆ. ಬೋರ್ಡಿನ ರೀಡಿಂಗ್ ಬರೋದು ಸಾಕೆಟ್ ಜಾಗದಲ್ಲಿ ಪ್ರೊಸೆಸರ್ ಕೆಳಗಡೆ ಇರೋ ಸೆನ್ಸರಿಂದ, ಅದನ್ನ ಓದೋದು ಬೋರ್ಡ್ ಮೇಲಿರೋ ಸೂಪರ್ ಐಒ ಚಿಪ್ಪು, ಅದು ಕೊಟ್ಟ ನಂಬರಿಗೆ ಎಷ್ಟು ಕೂಡಿಸ್ಬೇಕು ಎಷ್ಟು ಕಳೀಬೇಕು ಅಂತ ತೀರ್ಮಾನ ಮಾಡೋದು ಬಯಾಸ್. ಅಂದ್ರೆ ಬೋರ್ಡ್ ಮಾಡಿದವರು. ಒಂದು ಅಪ್‌ಡೇಟಲ್ಲಿ ಆ ಲೆಕ್ಕ ಬದಲಾದ್ರೆ ಚಿಪ್ಪು ಒಂದು ಡಿಗ್ರೀನೂ ತಣ್ಣಗಾಗ್ದೆ ನಂಬರ್ ಇಳಿಯತ್ತೆ, ನಂಗೆ ಆಗಿದ್ದು ಅದೇ. ಮಾರ್ಚಲ್ಲಿ ಸಿಸ್ಟಮ್ ಆಫ್ ಆಗಿದ್ದೂ ನಂಬರಲ್ಲಿ ಕಾಣದ ಈ ಬಿಸಿಗೇ ಇರ್ಬೇಕು. ಅಪ್‌ಡೇಟ್ ಜೊತೆ ಬಂದ ಟಿಪ್ಪಣೀಲಿ ಒಂದು ಸಾಲು ಬರೆದಿದ್ರೆ ನಾನು ವೋಲ್ಟೇಜ್ ಮುಟ್ತಿರ್ಲಿಲ್ಲ, ಇದು ನಂಗೆ ನಿಜವಾಗ್ಲೂ ಕೋಪ ಬರಿಸೋ ವಿಷಯ.

ಕೋರ್ ರೀಡಿಂಗ್ ಕಥೆ ಬೇರೆ. ಎಫ್‌ಎಕ್ಸ್ ಒಳಗಿರೋ ಸೆನ್ಸರು ಮಾಡಿರೋದೇ ಮಿತಿ ಹತ್ರ ಬಂದಾಗ ಎಚ್ಚರಿಸೋಕೆ. ಮೇಲಿನ ತುದೀಲಿ ನಂಬಬಹುದು, ತಣ್ಣಗಿದ್ದಾಗ ಸುಳ್ಳು ಹೇಳತ್ತೆ. ಅದಕ್ಕೇ ಎಎಂಡಿ ಓವರ್‌ಡ್ರೈವ್ ಅನ್ನೋ ತಮ್ಮದೇ ಪ್ರೋಗ್ರಾಮಲ್ಲಿ ಡಿಗ್ರಿ ಬದಲು ಥರ್ಮಲ್ ಮಾರ್ಜಿನ್ ಅಂತ ಕೊಡ್ತಾರೆ, ಮಿತಿಗೆ ಇನ್ನೆಷ್ಟು ದೂರ ಅಂತ.

ಅಪ್ಪ ಮನೆ ಮುಂದೆ ಮಳೆ ಗೇಜ್ ಇಟ್ಟಿದ್ದಾರೆ, ಇಲ್ಲಿ ತೋಟ ಇರೋರ ಮನೇಲಿ ಇರೋ ಹಾಗೆ. ದಿನಾ ಬೆಳಗ್ಗೆ ಇಂಚು ಸೆಂಟಲ್ಲಿ ಪುಸ್ತಕದಲ್ಲಿ ಬರೀತಾರೆ, ಸೆಂಟು ಅಂದ್ರೆ ಇಂಚಲ್ಲಿ ನೂರನೇ ಒಂದು ಭಾಗ. ಕಾಫಿ ಹೂ ಬಿಡಿಸೋ ಹೂಮಳೆ ಟೈಮಲ್ಲಿ ಯಾರಾದ್ರೂ ಫೋನ್ ಮಾಡಿ ನಮ್ಗೆ 40 ಸೆಂಟೇ ಬಂದಿದ್ದು ಅಂದ್ರೆ ಅಪ್ಪ ಕೇಳೋ ಮೊದಲ ಪ್ರಶ್ನೆ, "ಗೇಜ್ ಎಲ್ಲಿಟ್ಟಿದ್ದೀರ, ಮರದ ಕೆಳಗಾ?" ಸಿಪಿಯು ಟೆಂಪರೇಚರ್ ನೋಡೋವಾಗ ನಾನು ಆ ಪ್ರಶ್ನೆ ಕೇಳ್ಕೊಂಡೇ ಇರ್ಲಿಲ್ಲ.

ಇದು ಹಳೇ ಚಿಪ್ಪಿನ ಕಾಯಿಲೆ ಅಂದ್ಕೋಬೇಡಿ. 2017ರಲ್ಲಿ ಎಎಂಡಿಯ ರೈಜನ್ ಪ್ರೊಸೆಸರು ಬಂದಾಗ 1700ಎಕ್ಸ್, 1800ಎಕ್ಸ್ ಎರಡೂ ನಿಜಕ್ಕಿಂತ 20 ಡಿಗ್ರಿ ಜಾಸ್ತಿ ತೋರಿಸ್ತಿದ್ವು, ಎಲ್ಲಾ ಮಾಡೆಲ್ಲಿಗೂ ಫ್ಯಾನ್ ಒಂದೇ ಥರ ನಡೀಲಿ ಅಂತ ಎಎಂಡಿನೇ ಬೇಕಂತ ಸೇರಿಸಿದ್ದು. ಅದು ಗೊತ್ತಿಲ್ದೆ ಕೂಲರ್ ಬದಲಾಯಿಸಿದ ಗೆಳೆಯ ಒಬ್ಬ ಗೋಣಿಕೊಪ್ಪದಲ್ಲೇ ಇದ್ದಾನೆ. ಇಂಟೆಲ್‌ದು ಇನ್ನೊಂದು ರೀತಿ, ಸೆನ್ಸರ್ ಕೊಡೋದು ಗರಿಷ್ಠ ಮಿತಿಯಿಂದ ಎಷ್ಟು ಕೆಳಗಿದೆ ಅಂತ ಅಷ್ಟೇ, ಮಿತೀಲಿ ಅದನ್ನ ಕಳೆದು ಡಿಗ್ರಿ ಮಾಡೋದು ಪ್ರೋಗ್ರಾಮ್. ಕೋರ್ 2 ಅನ್ನೋ ಇಂಟೆಲ್ ಚಿಪ್ಪುಗಳ ಕಾಲದಲ್ಲಿ ಆ ಮಿತಿ 85ಆ 100ಆ ಅಂತಾನೇ ಜನಕ್ಕೆ ಸರಿಯಾಗಿ ಗೊತ್ತಿರ್ಲಿಲ್ಲ, ಊಹೆ ತಪ್ಪಾದ್ರೆ ಎಲ್ಲಾ ನಂಬರೂ 15 ಡಿಗ್ರಿ ಆಚೀಚೆ. ಆಮೇಲಿನ ಚಿಪ್ಪುಗಳಲ್ಲಿ ಆ ಮಿತೀನ ಚಿಪ್ಪಿಂದಲೇ ಓದಬಹುದು. ಹಾಂ, ಕೆಲವು ಬೋರ್ಡಲ್ಲಿ 127 ಡಿಗ್ರಿ ಅಂತ ಒಂದು ಸಾಲು ಬಂದು ಹೆದರಿಸತ್ತೆ, ಸಾಮಾನ್ಯವಾಗಿ ಅಲ್ಲಿ ಸೆನ್ಸರೇ ಜೋಡಿಸಿರಲ್ಲ.

ಈಗ ಏನ್ ಮಾಡ್ದೆ ಅಂದ್ರೆ, ಲೋಡ್ ಹಾಕಿ ಮತ್ತೆ ಅಳೆದೆ. ಬುಡ 46, ಕೋರ್ 52, ಬೋರ್ಡ್ 53. ಲೋಡಲ್ಲಿ ಕೋರ್ ನಂಬರ್ ನಂಬೋ ಹಾಗಿದೆ. ಬೋರ್ಡಿನ ನಂಬರನ್ನ ನಾನೀಗ ಎಂಟು ಕೂಡಿಸಿಯೇ ಓದ್ತೀನಿ, ಫ್ಯಾನ್ ಜೋರಾಗೋ ಪಾಯಿಂಟನ್ನೂ ಬಯಾಸಲ್ಲಿ ಎಂಟು ಡಿಗ್ರಿ ಕೆಳಗಿಳಿಸಿದ್ದೀನಿ. ಸ್ಪೀಡು 4.4, ವೋಲ್ಟೇಜ್ ಜನವರಿಗಿಂತ ಮುಂಚೆ ಇದ್ದಿದ್ದಕ್ಕಿಂತಲೂ ಒಂದು ಮೆಟ್ಟಿಲು ಕಮ್ಮಿ. ನಿಮ್ಮ ಬೋರ್ಡನ್ನ ಪರೀಕ್ಷೆ ಮಾಡ್ಬೇಕು ಅಂದ್ರೆ ರಾತ್ರಿಯೆಲ್ಲಾ ಆಫ್ ಇಟ್ಟು ಬೆಳಗ್ಗೆ ಆನ್ ಮಾಡಿದ ತಕ್ಷಣ ರೂಮಿನ ಥರ್ಮಾಮೀಟರ್ ಜೊತೆ ಹೋಲಿಸಿ, ರೂಮಿಗಿಂತ ಕಮ್ಮಿ ತೋರಿಸಿದ್ರೆ ಆ ನಂಬರ್ ನೋಡ್ಕೊಂಡು ವೋಲ್ಟೇಜ್ ಏರಿಸ್ಬೇಡಿ. ಬಯಾಸ್ ಅಪ್‌ಡೇಟ್ ಹಾಕೋ ಮುಂಚೆ ಹಾಕಿದ ಮೇಲೆ ಎರಡೂ ಸಲ ಒಂದೇ ಲೋಡಲ್ಲಿ ನಂಬರ್ ಬರೆದಿಟ್ಕೊಳ್ಳಿ, ನಾನು ಅಪ್ಪನ ಮಳೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿದ್ದೀನಿ.

ನೆನ್ನೆ ರಾತ್ರಿ ಕರೆಂಟ್ ಇತ್ತು, ಎರಡೂಕಾಲು ಗಂಟೆ ರೆಂಡರ್ ಓಡ್ತು. ಮಾರ್ಜಿನ್ 20ರಿಂದ ಕೆಳಗೆ ಇಳೀಲಿಲ್ಲ.